ಕೇಳಿಸುತ್ತದೆ ಎಂದು ಕೈ ಎತ್ತಿದ ಹುಡುಗಿ

ಫಾರಂನ ಕೆಳಗಿದ್ದ ಸಹಿ ನನ್ನದೇ ಆಗಿತ್ತು. ಅಕ್ಷರವೂ ನನ್ನದೇ. ಆ ಹುಡುಗಿಯ ಮುಖ ಮಾತ್ರ ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

ಶಾಲೆಗಳು ಶುರುವಾಗಿ ಎರಡು ವಾರವಾಗಿತ್ತು. ಯಾದಗಿರಿಯ ಬಾಲಕಿಯರ ಬಾಲಮಂದಿರದ ಅಧೀಕ್ಷಕಿ ನನ್ನನ್ನು ಕರೆಸಿಕೊಂಡು, ಮೇಜಿನ ಮೇಲೆ ಫೈಲ್ ಬಿಚ್ಚಿಟ್ಟು, ಸರಿಯಾಗಿ ಆ ಸಹಿಯ ಮೇಲೆ ಬೆರಳಿಟ್ಟಿದ್ದರು.

"ಇದು ನಿಮ್ದೇ ಅಲ್ರಿ?"

"ಹೌದ್ರಿ."

"ಹಂಗಾದ್ರ ನೀವೇ ಹೇಳ್ರಿ. ಹೈಸ್ಕೂಲಿಗೆ, ಎಂಟನೇತ್ತಕ್ಕ, ಆರು ಹುಡುಗ್ಯಾರ ಫೈಲ್ ಕಳಿಸಿದ್ದೆ. ಐದು ಹುಡುಗ್ಯಾರನ್ನ ತಗೊಂಡಾರ. ಇದೊಂದು ತಿರುಗಿ ಬಂದದ. ನಿಮ್ಮ ಕಾಗದಾನೇ ತೋರಸಾಕತ್ತಾರ."

ನಾನು ಶಹಾಪುರ ತಾಲೂಕಿನಲ್ಲಿ ವಿಕಲಚೇತನ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಒಂದು ಶಾಲೆ ಎಂದಿಲ್ಲ, ಊರೂರು ಸುತ್ತಿ ಇಂಥ ಮಕ್ಕಳನ್ನು ಗುರುತಿಸಿ, ಅವರಿಗೆ ಏನು ಬೇಕೆಂದು ಬರೆದುಕೊಡುವುದು ನನ್ನ ಕೆಲಸ. ಯಾದಗಿರಿಯ ಹುದ್ದೆ ಖಾಲಿ ಇದ್ದದ್ದರಿಂದ ಆ ವರ್ಷ ಅಲ್ಲಿನ ಹೆಚ್ಚುವರಿ ಹೊಣೆಯೂ ನನ್ನ ಹೆಗಲ ಮೇಲಿತ್ತು. ಹುಡುಗಿಯ ಹೆಸರನ್ನು ನಾನು ಇಲ್ಲಿ ಬರೆಯುವಂತಿಲ್ಲ. ಸರ್ಕಾರದ ಆಸರೆಯಲ್ಲಿರುವ ಮಕ್ಕಳ ಹೆಸರು ಹೊರಗೆ ಬರಬಾರದೆಂಬ ನಿಯಮ ನನಗೂ ಸರಿ ಅನಿಸುತ್ತದೆ. ವಯಸ್ಸು ಹದಿಮೂರು. ತಾಯಿ ತೀರಿಕೊಂಡ ಮೇಲೆ, ತಂದೆ ಯಾರೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಕಾರಣ, ಮೂರು ವರ್ಷದ ಹಿಂದೆ ಸುರಪುರದ ಕಡೆಯಿಂದ ತಂಗಿಯೊಂದಿಗೆ ಬಾಲಮಂದಿರಕ್ಕೆ ಬಂದವಳು. ತಂಗಿಗೆ ಆಗ ಐದು ವರ್ಷ.

ನನ್ನ ಫಾರಂ ಆ ಸಮಯದ್ದು. ಸುರಪುರದ ಒಂದು ಸಮುದಾಯ ಭವನದಲ್ಲಿ ತಪಾಸಣಾ ಶಿಬಿರ ನಡೆದಿತ್ತು; ಪಕ್ಕದ ತಾಲೂಕಿನಿಂದ ನನ್ನನ್ನೂ ಕರೆಸಿದ್ದರು. ಮಳೆಗಾಲ. ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿದ್ದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ. ಹೆಸರೇನು, ಊರು ಯಾವುದು, ಇಪ್ಪತ್ತರಿಂದ ಹಿಂದಕ್ಕೆ ಎಣಿಸು, ನಿನ್ನೆ ಯಾವ ವಾರ: ಹೀಗೆ ಕೇಳುತ್ತಾ ಹೋಗಿ ಗುರುತು ಹಾಕುವುದು. ಈ ಹುಡುಗಿಯ ಫಾರಂನಲ್ಲಿ ಎಲ್ಲ ಪ್ರಶ್ನೆಗೂ "ಉತ್ತರವಿಲ್ಲ" ಎಂದಿತ್ತು. ಚಿತ್ರ ನೋಡಿ ಹಾಗೆಯೇ ಬರೆಯುವ ಪರೀಕ್ಷೆಯ ಜಾಗ ಖಾಲಿ. ಹೊತ್ತಾಗಿತ್ತೇನೋ, ಪೆನ್ಸಿಲ್ ಇರಲಿಲ್ಲವೇನೋ. ಕೆಳಗೆ "ಲಘು ಬೌದ್ಧಿಕ ನ್ಯೂನತೆ" ಎಂದು ಬರೆದು, ಪಕ್ಕದಲ್ಲಿ "ಹೆಚ್ಚಿನ ತಪಾಸಣೆ ಅಗತ್ಯ" ಎಂದು ಸೇರಿಸಿದ್ದೆ. ಆ ಹೆಚ್ಚಿನ ತಪಾಸಣೆಯನ್ನು ಯಾರೂ ಮಾಡಲಿಲ್ಲ. ಮಾಡಿಸಿದರೋ ಇಲ್ಲವೋ ಎಂದು ನಾನೂ ಕೇಳಲಿಲ್ಲ. ಆ ಸಾಲನ್ನು ನಾನು ಬರೆದದ್ದು ನನ್ನ ರಕ್ಷಣೆಗೆ. ಅವಳಿಗೆ ಅದರಿಂದ ಏನೂ ಆಗಲಿಲ್ಲ.

ಮೊದಲು ಪ್ರೌಢಶಾಲೆಗೆ ಹೋದೆ. ಮುಖ್ಯ ಗುರುಗಳು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ನಾವು ಬ್ಯಾಡ ಅಂದಿಲ್ರಿ ಮೇಡಂ. ನಿಮ್ಮ ಕಾಗದ ಅಂದದ. ಒಂದೊಂದು ವರ್ಗದಾಗ ಎಪ್ಪತ್ತು ಮಕ್ಕಳು ಕುಂತಾವ. ನಮ್ಮ ಮಾಸ್ತರಗಳು ಈಕಿಗೆ ಹ್ಯಾಂಗ ಕಲಸಬೇಕ್ರಿ? ನಾಳೆ ಹತ್ತನೇತ್ತ ಫೇಲಾದ್ರ ರಿಸಲ್ಟ್ ಯಾರದು ಬೀಳ್ತದ?"

"ಎಂಟನೇತ್ತಾಗ ಮಗುವಿಗೆ ಇಲ್ಲ ಅನ್ನಂಗಿಲ್ರಿ. ಕಾನೂನು ಅದ."

"ಕಾನೂನು ಅದ, ಖರೇ. ಮಾಸ್ತರಗಳು ಇಲ್ಲ."

ಹೊರಗೆ ಬರುವಾಗ ಒಂಬತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ಕಿವಿಗೆ ಶ್ರವಣಯಂತ್ರ ಹಾಕಿಕೊಂಡ ಹುಡುಗಿಯೊಬ್ಬಳನ್ನು ಕಂಡೆ. ಮರಳಿ ಒಳಗೆ ಹೋಗಿ, ಆಕೆ ಯಾರು ಎಂದು ಕೇಳಿದೆ. ಗಂಜ್ ಮಾರುಕಟ್ಟೆಯಲ್ಲಿ ಅಂಗಡಿ ಇರುವವರ ಮಗಳು ಎಂದರು.

"ಆಕೀಗೆ ಹ್ಯಾಂಗ ಕಲಸಾಕತ್ತೀರಿ?"

"ಆಕಿ ಅಪ್ಪ ತಿಂಗಳಿಗೊಮ್ಮೆ ಬಂದು ಎಲ್ಲಾ ಮಾಸ್ತರ ಕೂಡ ಮಾತಾಡ್ತಾನ್ರಿ. ಈ ಬಾಲಮಂದಿರದ ಹುಡುಗ್ಯಾರ ಸಲುವಾಗಿ ಯಾರು ಬರ್ತಾರ?" ಎಂದರು. ಅಂದ ಮೇಲೆ ತಮಗೇ ಏನೋ ಅನಿಸಿತೋ ಏನೋ, "ಚಹಾ ಆರಾಕತ್ತದ ನೋಡ್ರಿ" ಎಂದರು.

ಆ ಸಂಜೆ ಹುಡುಗಿಯನ್ನು ನೋಡಿದೆ. ನೀಳ ಕೈಕಾಲಿನ, ಬಿಗಿಯಾಗಿ ಎರಡು ಜಡೆ ಹಾಕಿಕೊಂಡ ಹುಡುಗಿ. ಎದುರಿಗೆ ಕುಳಿತು ಹೆಸರು ಕೇಳಿದೆ. ಹೇಳಿದಳು. ವಯಸ್ಸು ಕೇಳಿದೆ. ಹೇಳಿದಳು. ಚೀಲದಿಂದ ಕಾರ್ಡು ತೆಗೆಯುತ್ತಾ, ತಲೆ ಬಗ್ಗಿಸಿಕೊಂಡು, ಏನು ತಿಂಡಿ ತಿಂದೆ ಎಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಸುಮ್ಮನೆ ನಕ್ಕಳು. ಅಧೀಕ್ಷಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಹಿಂಗೇ ನೋಡ್ರಿ. ಬೇಕಂದ್ರ ಮಾತಾಡ್ತಾಳ, ಬ್ಯಾಡಂದ್ರ ಇಲ್ಲ. ಒಮ್ಮೊಮ್ಮೆ ಅಡಗಿ ಮನ್ಯಾಗ ಪಾತ್ರಿ ಬಿದ್ರ ತಿರುಗಿ ನೋಡ್ತಾಳ. ಒಮ್ಮೊಮ್ಮೆ ಹಿಂದ ನಿಂತು ಕೂಗಿದ್ರೂ ಹೊಳ್ಳಿ ನೋಡಂಗಿಲ್ಲ. ಹಠ ರೀ."

ಅವಳ ಹಳೆಯ ನೋಟುಬುಕ್ಕುಗಳನ್ನು ಕೇಳಿ ಪಡೆದು ಭೀಮರಾಯನಗುಡಿಯ ನನ್ನ ಕ್ವಾರ್ಟರ್ಸಿಗೆ ತಂದೆ. ಎರಡು ದಿನ ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಇಂಥ ಕೆಲಸದಲ್ಲಿ ಅಂಕಪಟ್ಟಿಗಿಂತ ನೋಟುಬುಕ್ಕು ಹೆಚ್ಚು ಹೇಳುತ್ತದೆ. ಗಣಿತದಲ್ಲಿ ಭಾಗಾಕಾರ, ಭಿನ್ನರಾಶಿ ಹೆಚ್ಚುಕಡಿಮೆ ಎಲ್ಲ ಸರಿ ಇದ್ದವು. ಹಲಗೆ ನೋಡಿ ಬರೆದುಕೊಂಡ ಪುಟಗಳಲ್ಲಿ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಆದರೆ ಉಕ್ತಲೇಖನದ ಪುಟಗಳು ಬೇರೆ ಯಾರೋ ಬರೆದ ಹಾಗಿದ್ದವು. "ಸಂತೆ" ಎಂಬಲ್ಲಿ "ಅಂತೆ", "ಶಾಲೆ" ಎಂಬಲ್ಲಿ "ಆಲೆ". ಕೆಲವು ಸಾಲು ಪೂರ್ತಿ ಖಾಲಿ. ಪ್ರತಿ ಪುಟದ ಮೇಲೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ.

ಕಣ್ಣಿಂದ ಬಂದದ್ದು ಸರಿ, ಕಿವಿಯಿಂದ ಬಂದದ್ದು ತಪ್ಪು. ಇಷ್ಟು ಸರಳವಾದದ್ದನ್ನು ಮೂರು ವರ್ಷ ಯಾರೂ ನೋಡಲಿಲ್ಲ ಎಂದು ಮೊದಲು ಕೋಪ ಬಂತು. ಆಮೇಲೆ, ಮೊದಲು ನೋಡಬೇಕಾದವಳು ನಾನೇ ಎಂಬುದು ನೆನಪಾಗಿ ಆ ಕೋಪ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಮರುವಾರ ಯಾದಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಶ್ರವಣತಜ್ಞರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಸಣ್ಣ ಗಾಜಿನ ಕೋಣೆ. ಒಳಗೆ ಹುಡುಗಿಯ ಕಿವಿಗೆ ಹೆಡ್‌ಫೋನು. ಹೊರಗೆ ತಜ್ಞರು ಯಂತ್ರದ ಗುಂಡಿ ಒತ್ತುತ್ತಾರೆ. ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ಹುಡುಗಿ ಪಟಪಟನೆ ಕೈ ಎತ್ತಿದಳು. ಒಂದೂ ತಪ್ಪಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

"ಕಿವಿ ನಾರ್ಮಲ್ ಅದಾವ್ರಿ. ಮಗು ಭಾಳ ಛಲೋ ಕೋಆಪರೇಟ್ ಮಾಡ್ತು," ಎಂದು ತಜ್ಞರು ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ಶಹಾಪುರಕ್ಕೆ ಮರಳುವಾಗ, ಭೀಮಾ ಸೇತುವೆ ದಾಟುತ್ತಾ, ಆ ಚೀಟಿಯನ್ನು ಮೂರು ಸಲ ಓದಿದೆ. ಕಿವಿ ಸರಿ ಇದೆ ಎಂದರೆ ನನ್ನ ಹಳೆಯ ಫಾರಂ ಸರಿ ಎಂದಾಗುತ್ತದೆ. ಹಾಗಾದರೆ ಆ ಭಿನ್ನರಾಶಿಗಳು? ಪಕ್ಕದವಳದ್ದು ನೋಡಿ ಬರೆದಳೇ? ನೋಟುಬುಕ್ಕಿನಲ್ಲಿ ನನಗೆ ಬೇಕಾದದ್ದನ್ನು ನಾನು ಕಂಡೆನೇ? ತಪ್ಪು ಮಾಡಿದವರು ಅದನ್ನು ಸರಿಪಡಿಸುವ ಅವಸರದಲ್ಲಿ ಇನ್ನೊಂದು ತಪ್ಪು ಮಾಡುವುದನ್ನು ನಾನು ಬೇರೆಯವರಲ್ಲಿ ನೋಡಿದ್ದೇನೆ. ಮನೆ ಮುಟ್ಟುವ ಹೊತ್ತಿಗೆ ನನಗೆ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ.

ಆದರೂ ಒಂದು ಜಾಗ ನೋಡುವುದು ಬಾಕಿ ಇತ್ತು. ಸುರಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅವಳು ನಾಲ್ಕನೇ ತರಗತಿಯವರೆಗೆ ಓದಿದ್ದಳು. ಶನಿವಾರ ಹೋದೆ. ಅಲ್ಲಿನ ಮಾಸ್ತರರು ಬೆಳಗಿನ ಶಾಲೆ ಮುಗಿಸಿ ಬೀಗ ಹಾಕುತ್ತಿದ್ದರು. ಹೆಸರು ಹೇಳುತ್ತಲೇ ಅವರ ಕೈ ಬೀಗದ ಮೇಲೆಯೇ ನಿಂತಿತು.

"ಎಲ್ಲಿ ಅದಾಳ್ರಿ ಆಕಿ? ಅವರ ಅವ್ವ ಸತ್ತ ಮ್ಯಾಲ ಯಾರೋ ಕರಕೊಂಡು ಹೋದ್ರು ಅಂತ ಕೇಳಿದ್ದೆ."

"ಓದೋದ್ರಾಗ ಹ್ಯಾಂಗ ಇದ್ಲ್ರಿ?"

"ಲೆಕ್ಕದಾಗ ಬೆಂಕಿ. ಆದ್ರ ಕಿವಿ ಸೋರತಿದ್ದವು. ಮಳಿಗಾಲದಾಗಂತೂ ಹತ್ತಿ ಇಟ್ಕೊಂಡೇ ಬರಾಕಿ. ಮುಂದ ಕುಂದರಸಿ ಮಾರಿ ನೋಡಿ ಹೇಳಿದ್ರ ಎಲ್ಲಾ ತಿಳ್ಕೋತಿದ್ಲು. ಮಾರಿ ತಿರುವಿದ್ರ ಏನೂ ಇಲ್ಲ."

"ಇದನ್ನ ಎಲ್ಲ್ಯಾರ ಬರದೀರೇನ್ರಿ?"

ಮಾಸ್ತರರು ಬೀಗ ತೆಗೆದು ಮತ್ತೆ ಬಾಗಿಲು ತಳ್ಳಿದರು. "ಬರೀಬೇಕು ಅಂತ ಹೊಳೀಲಿಲ್ರಿ. ಮುಂದ ಕುಂದರಸಿದ್ದೆ, ಅಷ್ಟೇ."

ಅವರು ಒಂದು ಹಾಳೆಯಲ್ಲಿ ಅದನ್ನೇ ಬರೆದು, ಸಹಿ ಹಾಕಿ, ಶಾಲೆಯ ಮುದ್ರೆ ಒತ್ತಿ ಕೊಟ್ಟರು.

ಹುಡುಗಿಯೊಂದಿಗೆ ಮತ್ತೆ ಆಸ್ಪತ್ರೆಗೆ ಹೋದೆ. ಈ ಸಲ ಅವಳನ್ನು ಕೂರಿಸುವ ಮೊದಲು ನಾನೇ ಆ ಕುರ್ಚಿಯಲ್ಲಿ ಕುಳಿತು ನೋಡಿದೆ. ಎದುರಿನ ಗಾಜಿನಲ್ಲಿ ತಜ್ಞರ ಮೊಣಕೈ ಕಾಣುತ್ತಿತ್ತು. ಅವರು ಗುಂಡಿ ಒತ್ತಿದಾಗಲೆಲ್ಲ ಮೊಣಕೈ ಒಂದಿಷ್ಟು ಮೇಲೇಳುತ್ತಿತ್ತು.

"ಸರ್, ಕುರ್ಚಿ ಗ್ವಾಡಿ ಕಡೆ ತಿರುಗಿಸೋಣ್ರಿ."

"ನನಗ ಕೆಲಸ ಹೇಳಿಕೊಡ್ತೀರೇನ್ರಿ?" ಎಂದರು. ಆದರೆ ಎದ್ದು ಬಂದು ಆ ಕುರ್ಚಿಯಲ್ಲಿ ತಾವೇ ಕುಳಿತು ನೋಡಿ, ಮಾತಾಡದೆ ಕುರ್ಚಿ ತಿರುಗಿಸಿದರು.

ಗೋಡೆಯ ಕಡೆ ಮುಖ ಮಾಡಿದ ಹುಡುಗಿ ಒಂದು ಸಲವೂ ಕೈ ಎತ್ತಲಿಲ್ಲ. ಅತಿ ಜೋರಿನ ಸದ್ದಿಗೂ ಇಲ್ಲ. ಹೊರಗೆ ನಿಂತ ನನಗೇ ಹೆಡ್‌ಫೋನಿನ ಕೀರಲು ಕೇಳಿಸುತ್ತಿತ್ತು. ತೊಡೆಯ ಮೇಲೆ ಅವಳ ಎರಡೂ ಕೈ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಇಳಿದು ಬಂದಾಗ ಅಳುತ್ತಿದ್ದಳು.

"ಮೊನ್ನೆ ಎಲ್ಲಾ ಕೇಳಸ್ತು, ಇವತ್ತ ಏನೂ ಕೇಳಸವಲ್ದು. ಎರಡೂ ಖರೇ ಅಲ್ರಿ. ಇದರ ಮ್ಯಾಲ ನಾ ಏನೂ ಬರಿಯಂಗಿಲ್ಲ," ಎಂದರು ತಜ್ಞರು. ಅವರು ಹೇಳಿದ್ದು ನ್ಯಾಯವೇ. ಮೊದಲ ದಿನ ಕೇಳಿಸದಿದ್ದರೂ ಮೊಣಕೈ ನೋಡಿ ಕೈ ಎತ್ತಿದಳು ಎಂಬುದು ಈಗ ನನಗೆ ತಿಳಿದಿತ್ತು. ಯಾಕೆ ಎಂಬುದು ತಿಳಿದಿರಲಿಲ್ಲ. ಶಾಲೆಗೆ ಸೇರಲು ಕಾರಣ ಹುಡುಕಿಕೊಡುತ್ತಿರುವಾಗ, ಆ ಕಾರಣವನ್ನೇ ಮುಚ್ಚಿಡುವ ಮಗುವಿನ ಮನಸ್ಸಿನಲ್ಲಿ ಏನಿದೆ?

ಅದನ್ನು ಹೇಳಿದವರು ಬಾಲಮಂದಿರದ ಅಡುಗೆಯಮ್ಮ. ಮನೆಯಲ್ಲಿ ದಖನಿ ಉರ್ದು ಆಡುವ, ಐವತ್ತು ದಾಟಿದ ಹೆಂಗಸು. ಹುಡುಗಿಯರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಆಸ್ಪತ್ರೆಯಿಂದ ಬಂದ ಹುಡುಗಿ ಯಾರೊಂದಿಗೂ ಮಾತಾಡದೆ ನೇರ ಅಡುಗೆ ಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಖಾಲಾ ಅವಳ ಕೈಗೆ ಜೋಳದ ಹಿಟ್ಟಿನ ಬೋಗುಣಿ ಕೊಟ್ಟು ಅತ್ತ ಕಳಿಸಿ, ನನ್ನನ್ನು ನೋಡಿದರು.

"ಟೀಚರಮ್ಮ, ನೀವು ಆ ಹುಡುಗಿ ಕಿವೀ ಹಿಂದ ಯಾಕ ಬಿದ್ದೀರಿ?"

"ಆಕಿಗೆ ಸಾಲಿ ಸಿಗಲಿ ಅಂತ ರೀ."

"ಸಚ್ಚಿ? ಇಲ್ಲಿ ಒಬ್ಬಾಕಿ ಇದ್ಲು. ಮಾತ ಬರ್ತಿದ್ದಿಲ್ಲ, ಕಿವಿ ಕೇಳ್ತಿದ್ದಿಲ್ಲ. ಒಂದಿನ ಜೀಪ್ ಬಂತು, ಕಿವುಡರ ಸಾಲಿಗೆ ಅಂತ ದೂರ ಕರಕೊಂಡು ಹೋದ್ರು. ಹೋದಾಕಿ ಮತ್ತ ಬರಲಿಲ್ಲ. ಈಕಿ ಅದನ್ನ ಕಣ್ಣಾರೆ ನೋಡ್ಯಾಳ." ಖಾಲಾ ಒಲೆಯ ಉರಿ ತಗ್ಗಿಸಿದರು. "ಕಿವುಡಿ ಅಂದ್ರ ಕಳಸ್ತಾರ. ದಡ್ಡಿ ಅಂದ್ರ ಇಲ್ಲೇ ಬಿಡ್ತಾರ. ತಂಗಿ ಇಲ್ಲೇ ಅದಾಳಲ್ರಿ ಆಕೀದು."

ನಾನು ಹೊರಬಂದಾಗ ಅಂಗಳದಲ್ಲಿ, ಹಿಟ್ಟಿನ ಬೋಗುಣಿ ಪಕ್ಕಕ್ಕಿಟ್ಟು, ಅಕ್ಕ ತಂಗಿಯ ತಲೆ ಬಾಚುತ್ತಿದ್ದಳು. ತಂಗಿ ಏನೋ ಹೇಳಬೇಕಾದಾಗ ತಲೆ ಹಿಂದಕ್ಕೆ ತಿರುಗಿಸಿ, ಅಕ್ಕನಿಗೆ ಬಾಯಿ ಕಾಣುವಂತೆ ಹೇಳುತ್ತಿದ್ದಳು. ಬೈತಲೆ ಕೆಡುತ್ತಿತ್ತು. ಅಕ್ಕ ಮತ್ತೆ ನೆಟ್ಟಗೆ ಮಾಡುತ್ತಿದ್ದಳು.

ಮೂರು ವರ್ಷ ಒಂದು ಮಗು ದಡ್ಡಿ ಎನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತದ್ದು ನನ್ನ ಫಾರಂನಿಂದ. ಅದು ಹೌದು. ಆದರೆ ಅದೇ ಫಾರಂ ಅವಳಿಗೆ ತಂಗಿಯ ಜೊತೆ ಉಳಿಯುವ ದಾರಿಯೂ ಆಗಿತ್ತು. ನಾನು ಅದನ್ನು ಹರಿದರೆ ಉಪಕಾರವೋ ಅಪಕಾರವೋ? ನನ್ನ ಮೇಲಿನ ಅಧಿಕಾರಿಗೆ ಫೋನ್ ಮಾಡಿ ಕೇಳಿದೆ. "ಇದ್ದದ್ದು ಇದ್ದಂಗ ಬರೀರಿ, ಮುಂದಿಂದು ಮಕ್ಕಳ ಕಲ್ಯಾಣ ಸಮಿತಿ ನೋಡ್ಕೋತದ" ಎಂದರು. ಹಿಂದೆ ನಾನೂ ಅದನ್ನೇ ಮಾಡಿದ್ದೆ. ಬರೆದು ಮುಂದಕ್ಕೆ ದಾಟಿಸಿದ್ದೆ.

ಎರಡು ದಿನ ಬಿಟ್ಟು ಒಂದು ಹಾಳೆ, ಪೆನ್ನು ಹಿಡಿದು ಅವಳ ಎದುರು ಕುಳಿತೆ. ಅವಳಿಗೆ ಸುಳ್ಳು ಭರವಸೆ ಕೊಡಬಾರದು ಎಂದಷ್ಟೇ ತೀರ್ಮಾನಿಸಿದ್ದೆ. ದೊಡ್ಡ ಅಕ್ಷರದಲ್ಲಿ ಬರೆದೆ: "ನಿನಗೆ ಬುದ್ಧಿ ಕಡಿಮೆ ಎಂದು ಬರೆದವಳು ನಾನು. ಅದು ತಪ್ಪು. ನಿನಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಬರೆದರೆ ಕೆಲವರು ನಿನ್ನನ್ನು ಬೇರೆ ಊರಿನ ಶಾಲೆಗೆ ಕಳಿಸೋಣ ಎನ್ನಬಹುದು. ಕಳಿಸಬೇಡಿ ಎಂದು ನಾನು ಹೇಳುತ್ತೇನೆ. ಅವರು ನನ್ನ ಮಾತು ಕೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ."

ಅವಳು ನಿಧಾನವಾಗಿ, ತುಟಿ ಆಡಿಸುತ್ತಾ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಹಾಳೆಯನ್ನು ಮಡಚಿ ಲಂಗದ ಜೇಬಿಗೆ ಹಾಕಿಕೊಂಡು ಎದ್ದು ಹೋದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಮಂಗಳವಾರ ಅಧೀಕ್ಷಕಿಯ ಫೋನ್ ಬಂತು. "ದವಾಖಾನಿಗೆ ಹೋಗೋಣ ಅಂತ ಆಕೀನೇ ಬಂದು ಹೇಳ್ಯಾಳ್ರಿ. ಏನು ಮಾಡಿದ್ರಿ ನೀವು?"

ಮೂರನೇ ಸಲ ಅವಳು ತಾನಾಗಿಯೇ ಗೋಡೆಯ ಕಡೆ ತಿರುಗಿ ಕುಳಿತಳು. ಕಣ್ಣು ಮುಚ್ಚಿಕೊಂಡಳು. ತಜ್ಞರು ಅವಸರ ಮಾಡಲಿಲ್ಲ. ಕೆಲವು ಸದ್ದಿಗೆ ಕೈ ಮೇಲೆದ್ದಿತು, ಬಹಳಷ್ಟಕ್ಕೆ ಏಳಲಿಲ್ಲ. ತಿರುವುಮುರುವು ಮಾಡಿ ನೋಡಿದರೂ ಫಲಿತಾಂಶ ಒಂದೇ ಬಂತು. ಹಿಂದಿನ ಸಲ, ಮೊಣಕೈ ಕಾಣದೆ, ತಪ್ಪಿ ಎತ್ತಿದರೆ ಸಿಕ್ಕಿಬೀಳುವ ಹೆದರಿಕೆಗೆ ಕೇಳಿಸಿದ್ದಕ್ಕೂ ಕೈ ಎತ್ತಿರಲಿಲ್ಲವೆಂದು ಕಾಣುತ್ತದೆ. ಎರಡೂ ಕಿವಿಗಳಲ್ಲಿ ಮಧ್ಯಮ ಮಟ್ಟದಿಂದ ಹೆಚ್ಚಿನವರೆಗೆ ಶ್ರವಣದೋಷ. ಒಳಕಿವಿಯ ತೊಂದರೆ ಒಂದು. ಅದರ ಮೇಲೆ ಕಿವಿ ಸೋರಿದಾಗಲೆಲ್ಲ ಕೇಳಿಸುವುದು ಇನ್ನಷ್ಟು ಇಳಿಯುತ್ತದೆ. ಅದಕ್ಕೇ ಒಂದು ದಿನ ಪಾತ್ರೆಯ ಸದ್ದು ಕೇಳಿಸುತ್ತಿತ್ತು, ಇನ್ನೊಂದು ದಿನ ಕೂಗಿದರೂ ಇಲ್ಲ. ಯಾರು ಹೇಳಿದ್ದೂ ಪೂರ್ತಿ ಸುಳ್ಳಾಗಿರಲಿಲ್ಲ.

ನನ್ನ ವರದಿ ಬರೆದೆ. ಮೊದಲ ಸಾಲಿನಲ್ಲಿಯೇ, ಹಿಂದಿನ ನನ್ನ ಮೌಲ್ಯಮಾಪನ ತಪ್ಪು, ಅದನ್ನು ರದ್ದುಪಡಿಸಬೇಕು ಎಂದೆ. ಶಿಬಿರದ ಮಳೆ, ಖಾಲಿ ಬಿಟ್ಟ ಪರೀಕ್ಷೆ ಎಲ್ಲ ಬರೆದೆ. ಓದಿದ ಸಹೋದ್ಯೋಗಿಯೊಬ್ಬರು, "ಇದು ನಿಮ್ಮ ಸರ್ವಿಸ್ ಬುಕ್ಕಿಗೆ ಹೋಗ್ತದ ನೋಡ್ರಿ. 'ಮರುಪರಿಶೀಲನೆ ಮಾಡಲಾಗಿದೆ' ಅಂದ್ರ ಸಾಕಲ್ಲ" ಎಂದರು. ಅಂದು ಮಧ್ಯಾಹ್ನ ಆ ಮಾತನ್ನು ಹಾಕಿ ಒಂದು ಪ್ರತಿ ಟೈಪ್ ಮಾಡಿದ್ದೂ ಉಂಟು. ಆದರೆ ತಪ್ಪು ಎಂಬ ಪದವಿಲ್ಲದಿದ್ದರೆ ಹಳೆಯ ಕಾಗದ ಫೈಲಿನಲ್ಲಿ ಜೀವಂತವಾಗಿಯೇ ಉಳಿಯುತ್ತದೆ, ಮುಂದೆ ಇನ್ನೊಬ್ಬ ಮುಖ್ಯ ಗುರುಗಳು ಅದನ್ನು ತೆಗೆದು ತೋರಿಸುತ್ತಾರೆ. ಮೊದಲಿನ ಪ್ರತಿಗೇ ಸಹಿ ಹಾಕಿದೆ.

ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಸಮಿತಿ ಕುಳಿತ ದಿನ ಅಧೀಕ್ಷಕಿ, ಮುಖ್ಯ ಗುರುಗಳು, ನಾನು, ಹುಡುಗಿ ಹೋದೆವು. ಅಧ್ಯಕ್ಷರು ನಿವೃತ್ತ ಉಪನ್ಯಾಸಕಿ. ವರದಿಯನ್ನು ಪೂರ್ತಿ ಓದಿ, ಕನ್ನಡಕ ತೆಗೆದರು.

"ಕಿವಿ ತೊಂದ್ರಿ ಅಂತ ಗೊತ್ತಾತು. ಹಂಗಾದ್ರ ಕಿವುಡ ಮಕ್ಕಳ ವಸತಿ ಶಾಲೆಗೆ ಕಳಿಸೋದು ಒಳ್ಳೇದಲ್ರಿ? ಅಲ್ಲಿ ಅದಕ್ಕಂತನೇ ಕಲಿತ ಶಿಕ್ಷಕರು ಇರ್ತಾರ."

"ನಮ್ಮದೂ ಅದೇ ಅಭಿಪ್ರಾಯ ರೀ," ಎಂದರು ಮುಖ್ಯ ಗುರುಗಳು.

ನಾನು ಎದ್ದು ನಿಂತೆ. ಅಕ್ಕ ತಂಗಿಯನ್ನು ಬೇರೆ ಮಾಡಬಾರದು ಎಂದೆ. ಅವಳಿಗೆ ಮಾತು ಬರುತ್ತದೆ, ಓದು ಬರುತ್ತದೆ, ಮುಂದೆ ಕೂರಿಸಿದರೆ ಸಾಕು ಎಂದೆ. ಅದೇ ಶಾಲೆಯಲ್ಲಿ ಯಂತ್ರ ಹಾಕಿಕೊಂಡು ಓದುವ ಇನ್ನೊಬ್ಬ ಹುಡುಗಿ ಇದ್ದಾಳೆ, ಅವಳಿಗೆ ಆಗುವುದು ಇವಳಿಗೂ ಆಗಬೇಕು ಎಂದೆ. ಮುಖ್ಯ ಗುರುಗಳು ಕಿಟಕಿಯ ಕಡೆ ನೋಡಿದರು.

"ಆದ್ರ ಕಿವುಡರ ಶಾಲೆ ಅಂದ್ರ ಕೆಟ್ಟ ಜಾಗ ಏನಲ್ಲಲ್ರಿ?" ಎಂದರು ಅಧ್ಯಕ್ಷರು.

"ಅಲ್ರಿ," ಎಂದೆ. ಆ ಶಾಲೆಯನ್ನು ನಾನು ಕಂಡೇ ಇರಲಿಲ್ಲ. ನಾನು ವಾದಿಸುತ್ತಿದ್ದದ್ದು ಅವಳ ಒಳಿತಿಗೋ, ಅಥವಾ ಹಾಳೆಯ ಮೇಲೆ ಬರೆದುಕೊಟ್ಟ ಮಾತು ಉಳಿಸಿಕೊಳ್ಳಲೋ, ಆ ಕ್ಷಣ ನನಗೇ ಸ್ಪಷ್ಟವಿರಲಿಲ್ಲ. "ಆಕೀನೇ ಕೇಳ್ರಿ," ಎಂದೆ ಕಡೆಗೆ. "ಬರದು ಕೇಳ್ರಿ. ಬರದು ಹೇಳ್ತಾಳ."

ಅಧ್ಯಕ್ಷರು ತಮ್ಮ ಪ್ಯಾಡಿನ ಮೇಲೆ ಬರೆದು ಅವಳ ಮುಂದೆ ಸರಿಸಿದರು. ಹುಡುಗಿ ಬಹಳ ಹೊತ್ತು ಬರೆದಳು. ಒಂದೆರಡು ಸಲ ಹೊಡೆದುಹಾಕಿದಳು. ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು:

"ನಾನು ದಡ್ಡಿ ಅಲ್ಲ. ತಂಗೀನ ಬಿಟ್ಟು ಹೋಗುವುದಿಲ್ಲ. ಈ ಸಾಲಿಗೇ ಹೋಗುತ್ತೇನೆ. ಹಿಂದೆ ಕುಂದ್ರು ಅಂದ್ರೂ ಕುಂದ್ರತೀನಿ."

ಕೊನೆಯ ಸಾಲು ಓದಿದ ಮೇಲೆ ಪ್ಯಾಡನ್ನು ಮುಖ್ಯ ಗುರುಗಳ ಕಡೆ ಸರಿಸಿದರು. ಮುಖ್ಯ ಗುರುಗಳು ಅದನ್ನು ತಾವೂ ಓದಿದರು. "ಹಿಂದ ಯಾಕ ಕುಂದರಸೋಣ್ರಿ," ಎಂದರು ಮೆಲ್ಲಗೆ.

ಎಂಟನೇ ತರಗತಿಗೆ ಸೇರಿಸಿಕೊಳ್ಳಬೇಕು, ಮೊದಲ ಬೆಂಚು ಕೊಡಬೇಕು, ಉಕ್ತಲೇಖನದ ಬದಲು ನೋಡಿ ಬರೆಯುವ ಪರೀಕ್ಷೆ ಕೊಡಬೇಕು, ಆರು ತಿಂಗಳಿಗೆ ಮತ್ತೆ ಪರಿಶೀಲನೆ ಎಂದು ಆದೇಶವಾಯಿತು. ಆದೇಶ ಬರೆಯುವುದು ಸುಲಭ. ಸೋರುವ ಕಿವಿಗೆ ಯಂತ್ರ ಹಾಕುವಂತಿಲ್ಲ, ಮೊದಲು ಔಷಧಿ. ಮಳೆಗಾಲ ಮುಗಿದ ಮೇಲೆಯೇ ಯಂತ್ರ ಬಂತು. ಬಂದ ಮೇಲೆ ಅವಳು ಅದನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟಳು. ಎಪ್ಪತ್ತು ಮಕ್ಕಳ ಗದ್ದಲ ಒಮ್ಮೆಲೇ ತಲೆಯೊಳಗೆ ನುಗ್ಗಿತಂತೆ. ವಿಜ್ಞಾನದ ಮಾಸ್ತರರು ಹಲಗೆಯ ಕಡೆ ಮುಖ ಮಾಡಿಯೇ ಪಾಠ ಹೇಳುವವರು; ಎಷ್ಟು ಹೇಳಿದರೂ ಎರಡು ದಿನ ನೆನಪಿಟ್ಟು ಮೂರನೇ ದಿನ ಮರೆಯುತ್ತಿದ್ದರು. ಇಂಗ್ಲಿಷಿನ ಟೀಚರು ಮಾತ್ರ ಪ್ರತಿ ಪಾಠದ ಸಾರವನ್ನು ಒಂದು ಚೀಟಿಯಲ್ಲಿ ಬರೆದುಕೊಡತೊಡಗಿದರು, ಯಾರೂ ಹೇಳದೆಯೇ. ಅರ್ಧವಾರ್ಷಿಕದಲ್ಲಿ ಹುಡುಗಿ ಗಣಿತದಲ್ಲಿ ವರ್ಗಕ್ಕೇ ಮುಂದೆ ಬಂದಳು, ಸಮಾಜ ವಿಜ್ಞಾನದಲ್ಲಿ ನಪಾಸಾದಳು. ಹತ್ತು ನಿಮಿಷ, ಅರ್ಧ ಗಂಟೆ ಎಂದು ಯಂತ್ರ ಹಾಕಿಕೊಳ್ಳುವುದನ್ನೂ ರೂಢಿ ಮಾಡಿಕೊಂಡಳು. ಪರಿಶೀಲನೆಯಲ್ಲಿ ಸಮಿತಿ ಮುಂದುವರಿಸಿ ಎಂದಿತು. ಹಳೆಯ ತಪ್ಪಿಗೆ ಕಾರಣ ಕೇಳಿ ನನಗೆ ಒಂದು ನೋಟಿಸು ಬಂತು, ಉತ್ತರ ಕೊಟ್ಟೆ. ಕೆಲಸ ಗೆದ್ದಿತು ಎಂದುಕೊಂಡೆ.

ಚಳಿಗಾಲದ ಕೊನೆಗೆ ಯಾದಗಿರಿಯ ಮೈದಾನದಲ್ಲಿ ವಿಕಲಚೇತನ ಮಕ್ಕಳ ಆಟೋಟ ನಡೆಯಿತು. ಅವಳನ್ನು ಓಟಕ್ಕೆ ಕರೆದುಕೊಂಡು ಹೋಗಿದ್ದೆ. ಹೊರ ಜಿಲ್ಲೆಯ ಕಿವುಡ ಮಕ್ಕಳ ಶಾಲೆಯೊಂದರಿಂದ ಹತ್ತು ಹನ್ನೆರಡು ಹುಡುಗಿಯರು ಬಂದಿದ್ದರು. ಪೆಂಡಾಲಿನ ಕೆಳಗೆ ದುಂಡಗೆ ಕುಳಿತು, ಕೈಯಲ್ಲಿ ಮಾತಾಡುತ್ತಿದ್ದರು. ಬೆರಳು, ಮುಖ, ಭುಜ ಎಲ್ಲ ಮಾತೇ. ಒಬ್ಬಳು ಏನೋ ಹೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾರೂ ಎರಡನೇ ಸಲ ಕೇಳಲಿಲ್ಲ. ಯಾರೂ ತುಟಿಯನ್ನು ನೆಟ್ಟ ಕಣ್ಣಿಂದ ನೋಡುತ್ತಾ ದಣಿಯಲಿಲ್ಲ.

ನನ್ನ ಪಕ್ಕದಲ್ಲಿದ್ದ ಹುಡುಗಿ ಊಟದ ತಟ್ಟೆ ಹಿಡಿದು ಹಾಗೆಯೇ ನಿಂತುಬಿಟ್ಟಿದ್ದಳು. ಅನ್ನ ಆರಿತು. ಓಟಕ್ಕೆ ಹೆಸರು ಕೂಗಿದರು. ನಾನು ಭುಜ ತಟ್ಟಿದರೂ ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು.

"ಇವರೇ ಏನ್ರಿ ಆ ಸಾಲಿ ಹುಡುಗ್ಯಾರು?"

"ಅಂಥಾದ್ದೇ ಒಂದು ಸಾಲಿ."

"ನನ್ನ ಕಳಸಬ್ಯಾಡ್ರಿ ಅಂದ್ರಲ್ಲ, ಆವಾಗ ನೀವು ಆ ಸಾಲಿ ನೋಡಿದ್ರೇನ್ರಿ?"

"ಇಲ್ಲ," ಎಂದೆ, ಅವಳಿಗೆ ಬಾಯಿ ಕಾಣುವಂತೆ.

"ನಾನೂ ನೋಡಿದ್ದಿಲ್ಲ," ಎಂದಳು. ದೂರಿನ ದನಿಯಲ್ಲ. ಇಬ್ಬರೂ ಒಂದೇ ಪರೀಕ್ಷೆಯಲ್ಲಿ ಒಂದೇ ತಪ್ಪು ಬರೆದವರ ಹಾಗೆ ಹೇಳಿದಳು. ತಂಗಿಯನ್ನು ಬಿಟ್ಟು ಅವಳು ಹೋಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಹೋಗಿದ್ದರೆ ಏನಾಗುತ್ತಿತ್ತು ಎಂಬುದು ಗೊತ್ತಿಲ್ಲ.

ಅವಳು ತಟ್ಟೆಯನ್ನು ಕೆಳಗಿಟ್ಟು, ಆ ಹುಡುಗಿಯರಲ್ಲಿ ಒಬ್ಬಳು ಮತ್ತೆ ಮತ್ತೆ ಮಾಡುತ್ತಿದ್ದ ಸನ್ನೆಯನ್ನು ತಾನೂ ಮಾಡಿ ನೋಡಿದಳು. ಎರಡು ಬೆರಳು ಕೂಡಿಸಿ, ಗಲ್ಲಕ್ಕೆ ತಾಕಿಸಿ, ಮುಂದಕ್ಕೆ ಬಿಡುವುದು.

"ಹಿಂಗ ಅಂದ್ರ ಏನ್ರಿ?"

"ನನಗ ಗೊತ್ತಿಲ್ಲ."

"ನೀವು ಟೀಚರು ಅಲ್ರೀ?"

"ಟೀಚರೇ. ಆದ್ರ ಇದು ನನಗ ಯಾರೂ ಕಲಸಿಲ್ಲ."

ಅವಳು ಸ್ವಲ್ಪ ಯೋಚಿಸಿ, ನನ್ನ ಕೈ ಹಿಡಿದು ಎಳೆದಳು. ಕೇಳೋಣವೆಂದು ಇಬ್ಬರೂ ಪೆಂಡಾಲಿನ ಕಡೆಗೆ ನಡೆದೆವು.